ಸಾಮಾನೋ, ಸರಕೋ, ಜೊತೆಗಾರನೋ?

2019ರ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ವಿಮಾನ ನಿಲ್ದಾಣದಲ್ಲಿ ಮೋನಾ ಎಂಬ ನಾಯಿ ಕಳೆದುಹೋಯಿತು. ಅದರ ಒಡತಿ ಬಾರ್ಸಿಲೋನಾಕ್ಕೆ ಹೊರಟಿದ್ದರು. ನಾಯಿಯ ಗಾತ್ರ, ತೂಕ ಮಿತಿ ಮೀರಿದ್ದರಿಂದ ಅದನ್ನು ಕ್ರೇಟಿನಲ್ಲಿಟ್ಟು ಲಗೇಜಿನ ಜೊತೆ ಒಪ್ಪಿಸಬೇಕಾಯಿತು. ವಿಮಾನದ ಬಳಿಗೆ ಒಯ್ಯುವಾಗ ಅದು ತಪ್ಪಿಸಿಕೊಂಡು ಓಡಿತು, ಮತ್ತೆ ಸಿಗಲೇ ಇಲ್ಲ. ಒಡತಿ 5,000 ಯೂರೊ ಪರಿಹಾರ ಕೇಳಿದರು. ಐಬೀರಿಯಾ ವಿಮಾನ ಸಂಸ್ಥೆ ಹೊಣೆ ಒಪ್ಪಿಕೊಂಡಿತು. ಆದರೆ ಲಗೇಜು ಕಳೆದರೆ ಎಷ್ಟು ಕೊಡಬೇಕೋ ಅಷ್ಟೇ ಕೊಡುತ್ತೇವೆ ಎಂದಿತು. ಜಗಳ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು.

2025ರ ಅಕ್ಟೋಬರ್ 16ರಂದು ಬಂದ ತೀರ್ಪು ವಿಮಾನ ಸಂಸ್ಥೆಯ ಕಡೆಗೇ ವಾಲಿತು. ಪ್ರಾಣಿಗಳಿಗೂ ನೋವು ನಲಿವು ಉಂಟೆಂದು ಒಕ್ಕೂಟದ ಕಾನೂನು ಒಪ್ಪುತ್ತದೆ, ನಿಜ. ಆದರೆ 1999ರ ಮಾಂಟ್ರಿಯಲ್ ಒಪ್ಪಂದದ ಕಣ್ಣಿಗೆ ಕಾಣುವುದು ಮೂರೇ: ಮನುಷ್ಯರು, ಲಗೇಜು, ಸರಕು. ನಾಯಿ ಮನುಷ್ಯನಲ್ಲವಾದ್ದರಿಂದ ಪರಿಹಾರದ ಲೆಕ್ಕದಲ್ಲಿ ಅದನ್ನು ಲಗೇಜಿನಿಂದ ಹೊರಗಿಡಲು ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಇದು ಯುರೋಪಿನವರ ಪಾಡು ಎಂದು ನಾವು ಸುಮ್ಮನಿರುವಂತಿಲ್ಲ. ಭಾರತವೂ 2009ರಿಂದ ಈ ಒಪ್ಪಂದದ ಸದಸ್ಯ.

ಒಪ್ಪಂದದ ಲೆಕ್ಕ ಹೀಗಿದೆ. 2024ರ ಡಿಸೆಂಬರ್ 28ರಿಂದ ಲಗೇಜು ಕಳೆದರೆ ಒಬ್ಬ ಪ್ರಯಾಣಿಕನಿಗೆ ಗರಿಷ್ಠ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ಒಂದಕ್ಕೆ ಒಂದೂಕಾಲು ಡಾಲರ್‌ಗಿಂತ ಹೆಚ್ಚು ಬೆಲೆ. ಸರಕಾದರೆ ಕಿಲೋಗೆ 26 ಎಸ್‌ಡಿಆರ್ ಮಾತ್ರ. ಅಂದರೆ 20 ಕೆಜಿ ನಾಯಿ ಲಗೇಜಾಗಿ ಹೋದರೆ ಮಿತಿ 1,519, ಅದೇ ನಾಯಿ ಸರಕಾಗಿ ಹೋದರೆ 520. ಹೆಚ್ಚಿನ ಮೌಲ್ಯ ಘೋಷಿಸಿ, ಹೆಚ್ಚುವರಿ ಶುಲ್ಕ ಕಟ್ಟಿದರೆ ಮಿತಿ ಏರುತ್ತದೆ. ಈ ದಾರಿ ಇದೆಯೆಂಬುದೇ ಬಹುತೇಕ ಪ್ರಯಾಣಿಕರಿಗೆ ತಿಳಿದಿರುವುದಿಲ್ಲ, ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದೂ ಇಲ್ಲ.

ನಾಯಿ, ಬೆಕ್ಕುಗಳ ವಿಮಾನಯಾನದ ಗೋಜಲು ಬಿಡಿಸಲು ಇದೊಂದು ಎಳೆ ಹಿಡಿದರೆ ಸಾಕು. ನಿಮ್ಮ ಪ್ರಾಣಿ ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ: ಅದು ಎಲ್ಲಿ ಕೂರಬೇಕು, ದುಡ್ಡೆಷ್ಟು, ಕಾಗದಪತ್ರ ಯಾವುವು, ಹೆಚ್ಚುಕಮ್ಮಿಯಾದರೆ ಯಾರು ಹೊಣೆ. ಸೀಟಿನ ಕೆಳಗಿನ ಚೀಲದಲ್ಲಿ ಹೋದರೆ ಅದು ಕೈಲಗೇಜು. ಟಿಕೆಟಿನ ಜೊತೆಗೇ ವಿಮಾನದ ಹೊಟ್ಟೆಯ ಭಾಗಕ್ಕೆ ಒಪ್ಪಿಸಿದರೆ ಚೆಕ್-ಇನ್ ಲಗೇಜು. ಏರ್‌ವೇ ಬಿಲ್ ಮಾಡಿಸಿ ಕಾರ್ಗೊ ಟರ್ಮಿನಲ್ಲಿನಿಂದ ಕಳಿಸಿದರೆ ಸರಕು. ಇವೆಲ್ಲದರ ಆಚೆಗೆ, ಕಣ್ಣು ಕಾಣದವರ ದಾರಿ ತೋರುವ ನಾಯಿಯಾದರೆ ಅದು ಗಾಲಿಕುರ್ಚಿ, ಊರುಗೋಲುಗಳ ಸಾಲಿಗೆ ಸೇರಿ ಪುಕ್ಕಟೆಯಾಗಿ ಮಾಲೀಕರ ಕಾಲಬುಡದಲ್ಲಿ ಮಲಗುತ್ತದೆ.

ಮೊದಲು ನಮ್ಮ ದೇಶದೊಳಗಿನ ಹಾರಾಟ ನೋಡೋಣ. ಎಲ್ಲ ಸಂಸ್ಥೆಗಳಿಗೂ ಒಂದೇ ನಿಯಮವಿಲ್ಲ. ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೊ ಸಾಕುಪ್ರಾಣಿಗಳನ್ನು ವಿಮಾನ ಹತ್ತಿಸುವುದಿಲ್ಲ. ಅಂಗವಿಕಲರ ಜೊತೆಗಿನ ತರಬೇತಾದ ನಾಯಿಗೆ ಮಾತ್ರ ಅವಕಾಶ. ಏರ್ ಇಂಡಿಯಾದಲ್ಲಿ ಸಣ್ಣ ನಾಯಿ, ಬೆಕ್ಕು ಮೊದಲಿನಿಂದಲೂ ಕ್ಯಾಬಿನ್‌ನಲ್ಲಿ ಹೋಗಿವೆ. ಆಕಾಶ ಏರ್ 2022ರ ನವೆಂಬರ್ 1ರಿಂದ ಬಾಗಿಲು ತೆರೆಯಿತು. ಆಗ ಅದರ ಮಿತಿ ಕ್ಯಾಬಿನ್‌ಗೆ 7 ಕೆಜಿ, ಅದಕ್ಕಿಂತ ಹೆಚ್ಚಿದ್ದರೆ 32 ಕೆಜಿವರೆಗೆ ಕೆಳಗಿನ ಅಂಕಣಕ್ಕೆ. ಈ ಮಿತಿಗಳು ಆಗಾಗ ಬದಲಾಗುತ್ತವೆ. ಹೋದ ವರ್ಷ ಸ್ನೇಹಿತರು ಹೋದ ಲೆಕ್ಕವನ್ನು ನೆಚ್ಚಿಕೊಳ್ಳದೆ ಬುಕಿಂಗ್ ದಿನದ ನಿಯಮವನ್ನೇ ಓದಬೇಕು.

ಬದಲಾಗದ ಕೆಲವು ಮಾತುಗಳಿವೆ. ತೂಕ ಎಂದರೆ ಪ್ರಾಣಿಯ ತೂಕವೊಂದೇ ಅಲ್ಲ, ಚೀಲವೂ ಸೇರಿ. ಮನೆಯಲ್ಲಿ ಆರು ಕಿಲೋ ತೂಗಿದ ಶಿಹ್‌ ತ್ಸು, ಒಂದೂವರೆ ಕಿಲೋ ಚೀಲದೊಳಗೆ ಕೂತು ಕೌಂಟರಿನ ತಕ್ಕಡಿ ಏರಿದರೆ ಏಳರ ಮಿತಿ ದಾಟಿಯಾಯಿತು. ಒಂದು ವಿಮಾನಕ್ಕೆ ಒಂದೋ ಎರಡೋ ಪ್ರಾಣಿ ಎಂಬ ಮಿತಿ ಇರುವುದರಿಂದ, ಟಿಕೆಟ್ ಕೊಳ್ಳುವ ಮೊದಲೇ ಫೋನ್ ಮಾಡಿ ಜಾಗ ಖಚಿತಪಡಿಸಿಕೊಳ್ಳಬೇಕು. ತುರ್ತು ನಿರ್ಗಮನದ ಸಾಲಿನಲ್ಲಿ ಸೀಟು ಸಿಗದು. ನಿಮ್ಮ ಉಚಿತ ಲಗೇಜಿನ ಲೆಕ್ಕಕ್ಕೆ ಪ್ರಾಣಿ ಸೇರುವುದಿಲ್ಲ, ಬೇರೆಯೇ ಶುಲ್ಕ. ರೇಬಿಸ್ ಲಸಿಕೆಯ ಪುಸ್ತಕ ಮತ್ತು ನೋಂದಾಯಿತ ಪಶುವೈದ್ಯರ ಹೊಸ ಆರೋಗ್ಯ ಪ್ರಮಾಣಪತ್ರ ಬೇಕೇ ಬೇಕು. ಪ್ರಮಾಣಪತ್ರ ಹಾರಾಟಕ್ಕೆ ಎಷ್ಟು ಗಂಟೆ ಮುಂಚೆ ಪಡೆದದ್ದಿರಬೇಕು ಎಂಬುದನ್ನು ಕೇಳಿಕೊಳ್ಳಿ. ವಾರದ ಹಿಂದಿನದು ನಡೆಯುತ್ತದೆಂಬ ಧೈರ್ಯ ಬೇಡ. ಇಷ್ಟೆಲ್ಲ ಆದ ಮೇಲೂ ಕೊನೆಯ ಮಾತು ವಿಮಾನದ ಕ್ಯಾಪ್ಟನ್ನರದು.

ಕ್ಯಾಬಿನ್ ದಕ್ಕುವುದು ಬೆಕ್ಕು, ಪಾಮೇರಿಯನ್, ಶಿಹ್‌ ತ್ಸುಗಳಂಥ ಪುಟ್ಟವುಗಳಿಗೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ನಮ್ಮ ಬೀದಿಯಿಂದ ಬಂದು ಮನೆ ಸೇರಿದ ಇಂಡಿ ನಾಯಿಗಳಿಗೆಲ್ಲ ವಿಮಾನದ ಹೊಟ್ಟೆಯೇ ಗತಿ. ಇಲ್ಲಿ ಹಲವರಿಗೆ ತಪ್ಪು ಕಲ್ಪನೆಯಿದೆ. ಅಲ್ಲಿ ಗಾಳಿಯಿಲ್ಲ, ಕೊರೆಯುವ ಚಳಿ ಎಂದು ಹೆದರುವವರಿದ್ದಾರೆ. ಪ್ರಯಾಣಿಕರ ಜೆಟ್ ವಿಮಾನಗಳಲ್ಲಿ ಮೇಲೂ ಕೆಳಗೂ ಗಾಳಿಯ ಒತ್ತಡ ಒಂದೇ. ಆ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. 6,330 ಅಡಿಯ ಮುಳ್ಳಯ್ಯನಗಿರಿಗಿಂತ ಇನ್ನೂ ಮೇಲೆ ನಿಂತು ಉಸಿರಾಡಿದಂತೆ. ಆರೋಗ್ಯವಂತ ನಾಯಿ ಅದನ್ನು ತಾಳಿಕೊಳ್ಳುತ್ತದೆ. ಪ್ರಾಣಿ ಯಾವ ಅಂಕಣದಲ್ಲಿದೆ ಎಂಬ ಚೀಟಿ ಹೊರಡುವ ಮುನ್ನ ಕ್ಯಾಪ್ಟನ್ನರ ಕೈ ಸೇರುತ್ತದೆ, ಅವರು ಅದಕ್ಕೆ ತಕ್ಕಂತೆ ಉಷ್ಣತೆ ಕಾಯ್ದುಕೊಳ್ಳುತ್ತಾರೆ. ಆದರೆ ಎಲ್ಲ ವಿಮಾನಗಳ ಕೆಳ ಅಂಕಣಕ್ಕೂ ಗಾಳಿಯಾಟ ಮತ್ತು ಬಿಸಿಯ ವ್ಯವಸ್ಥೆ ಇರುವುದಿಲ್ಲ. ಕೊನೆ ಗಳಿಗೆಯಲ್ಲಿ ವಿಮಾನ ಬದಲಾದರೆ ನಾಯಿಯನ್ನು ಒಲ್ಲೆ ಎನ್ನುವುದಕ್ಕೆ ಇದೂ ಒಂದು ಕಾರಣ.

ನಿಜವಾದ ಅಪಾಯ ಆಕಾಶದಲ್ಲಿ ಕಡಿಮೆ, ನೆಲದಲ್ಲಿ ಹೆಚ್ಚು. ಮೇ ತಿಂಗಳ ಮಧ್ಯಾಹ್ನ ಕಾದ ಕಾಂಕ್ರೀಟಿನ ಮೇಲೆ ಟ್ರಾಲಿ ನಿಂತಾಗ, ವಿಮಾನ ತಡವಾಗಿ ಕ್ರೇಟು ಬಿಸಿಲಲ್ಲೇ ಉಳಿದಾಗ ನಾಯಿ ದಣಿಯುತ್ತದೆ. ನಾಯಿಗೆ ನಮ್ಮಂತೆ ಮೈತುಂಬ ಬೆವರುವ ಅನುಕೂಲವಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಮೂಗು ಚಪ್ಪಟೆಯಾದ ತಳಿಗಳಿಗೆ ಅದೂ ಕಷ್ಟ. ಒಂದು ಕಾಲದಲ್ಲಿ ಟಿವಿಯ ಹಚ್ ಜಾಹೀರಾತು ನೋಡಿ ಮನೆಮನೆಗೆ ಬಂದ ಪಗ್, ಹಾಗೆಯೇ ಬುಲ್‌ಡಾಗ್, ಬಾಕ್ಸರ್, ಪರ್ಷಿಯನ್ ಬೆಕ್ಕು ಎಲ್ಲವೂ ಈ ಸಾಲಿನವು. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ, ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ವಿಮಾನದಲ್ಲಿ ಸಾಗಿಸುವಾಗ ಸತ್ತ ನಾಯಿಗಳು 122. ಅವುಗಳಲ್ಲಿ 25 ಇಂಗ್ಲಿಷ್ ಬುಲ್‌ಡಾಗ್, 11 ಪಗ್. ಈ ಲೆಕ್ಕ ಹೊರಬಿದ್ದ ಮೇಲೆ ಚಪ್ಪಟೆ ಮೂಗಿನವನ್ನು ಕೆಳ ಅಂಕಣಕ್ಕೆ ಒಯ್ಯುವುದಿಲ್ಲ ಎನ್ನುವ ಸಂಸ್ಥೆಗಳು ಹೆಚ್ಚಿದವು. ನಿಮ್ಮ ಮನೆಯಲ್ಲಿ ಪಗ್ ಇದ್ದು, ಕ್ಯಾಬಿನ್ ತೂಕದೊಳಗೆ ಬಾರದಿದ್ದರೆ, ವಿಮಾನದ ಯೋಚನೆಯನ್ನೇ ಬಿಡುವುದು ಮೇಲು. ಬೆಂಗಳೂರಿನಿಂದ ದೆಹಲಿಗೆ ರೈಲಿನ ಎಸಿ ಮೊದಲ ದರ್ಜೆಯಲ್ಲಿ ಇಡೀ ಕೂಪೆ ಕಾಯ್ದಿರಿಸಿದರೆ ನಾಯಿ ನಿಮ್ಮ ಕಣ್ಣೆದುರೇ ಮಲಗಿ ಬರುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ಜೀವಕ್ಕೆ ಅಪಾಯ ಕಡಿಮೆ.

ಪ್ರಯಾಣದ ದಿನ ನಾಯಿಗೆ ನಿದ್ದೆ ಮಾತ್ರೆ ಕೊಟ್ಟರೆ ಸುಮ್ಮನಿರುತ್ತದೆ ಎಂಬುದು ಇನ್ನೊಂದು ಜನಪ್ರಿಯ ಅಪಾಯ. ಮತ್ತು ಬರಿಸುವ ಔಷಧ ರಕ್ತದೊತ್ತಡ, ಉಸಿರಾಟ ಎರಡನ್ನೂ ತಗ್ಗಿಸುತ್ತದೆ. ತೆಳು ಗಾಳಿಯಲ್ಲಿ ಅದು ಪ್ರಾಣಕ್ಕೇ ಕುತ್ತು. ಮತ್ತಿನಲ್ಲಿರುವ ಪ್ರಾಣಿಯನ್ನು ಬಹಳಷ್ಟು ಸಂಸ್ಥೆಗಳು ಹತ್ತಿಸುವುದೇ ಇಲ್ಲ. ಅದರ ಬದಲು ತಿಂಗಳ ಮುಂಚೆಯೇ ಕ್ರೇಟನ್ನು ಹಾಲ್‌ನ ಮೂಲೆಯಲ್ಲಿಟ್ಟು, ಊಟ ಅದರೊಳಗೇ ಹಾಕಿ, ನಿದ್ದೆ ಅಲ್ಲೇ ಮಾಡಿಸಿ ರೂಢಿ ಮಾಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಆ ಕ್ರೇಟಿನ ಅಳತೆಗೂ ಶಾಸ್ತ್ರವಿದೆ. ಜಗತ್ತಿನ ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ ಜೀವಂತ ಪ್ರಾಣಿಗಳ ಸಾಗಣೆಗೆಂದೇ ನಿಯಮಗಳ ಪುಸ್ತಕವನ್ನು ಪ್ರತಿ ವರ್ಷ ಪರಿಷ್ಕರಿಸಿ ಹೊರತರುತ್ತದೆ. ಅದರ ಸೂತ್ರ ಸರಳ. ಟೇಪು ಹಿಡಿದು ನಾಯಿಯ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆಯಿರಿ. ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಅದಕ್ಕೆ ಕೂಡಿ. ಅದು ಕ್ರೇಟಿನ ಉದ್ದ. ಭುಜದ ಅಗಲದ ಎರಡರಷ್ಟು ಕ್ರೇಟಿನ ಅಗಲ. ನಿಂತಾಗ ತಲೆಯ ಅಥವಾ ಕಿವಿಯ ತುದಿಯ ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಕ್ರೇಟಿನ ಎತ್ತರ. ಚಪ್ಪಟೆ ಮೂಗಿನವಕ್ಕೆ ಎಲ್ಲದರ ಮೇಲೂ ಶೇ 10 ಹೆಚ್ಚು.

ಮುಧೋಳ ನಾಯಿಯೊಂದನ್ನು ಅಳೆದು ನೋಡಿ. ಅಂದಾಜು ಹೇಳುವುದಾದರೆ ಮೂಗಿನಿಂದ ಬಾಲದ ಬುಡಕ್ಕೆ 100 ಸೆಂ.ಮೀ., ಮೊಣಕೈ ಎತ್ತರ 40, ಭುಜದ ಅಗಲ 20, ತಲೆಯೆತ್ತಿ ನಿಂತಾಗ 90. ಕ್ರೇಟು 120 ಸೆಂ.ಮೀ. ಉದ್ದ, 40 ಅಗಲ, 90ಕ್ಕೂ ಮಿಕ್ಕಿ ಎತ್ತರ ಬೇಕಾಯಿತು. ತೂಕ ನೋಡಿದರೆ ನಾಯಿ ಹಗುರವೇ, ಮೈ ಸಪೂರ. ಆದರೆ ಆ ನೀಳ ಕಾಲುಗಳಿಂದಾಗಿ ಬೋಯಿಂಗ್ 737ರಂಥ ವಿಮಾನದ ಗಿಡ್ಡ ಸರಕು ಬಾಗಿಲಲ್ಲಿ ಕ್ರೇಟು ಹಿಡಿಸುವುದೇ ಅನುಮಾನ. ತೂಕದ ಮಿತಿಯೊಂದನ್ನೇ ನೋಡಿ ಟಿಕೆಟ್ ಮಾಡಿದವರು ಎಡವುವುದು ಇಂಥಲ್ಲಿ. ಬುಕಿಂಗ್ ಹೊತ್ತಿಗೆ ಕ್ರೇಟಿನ ಮೂರೂ ಅಳತೆ ಕೊಟ್ಟು, ಯಾವ ವಿಮಾನ ಎಂದು ಕೇಳುವುದು ಕಡ್ಡಾಯ ಎಂದಿಟ್ಟುಕೊಳ್ಳಿ.

ಇನ್ನು ಸಹಾಯಕ ನಾಯಿಗಳ ಸಂಗತಿ. ಇದರಲ್ಲಿ ಅತ್ಯಂತ ವಿಸ್ತಾರವಾದ ನಿಯಮ ಬರೆದದ್ದು ಅಮೆರಿಕ, ಅತ್ಯಂತ ವಿಚಿತ್ರ ಅನುಭವ ಆದದ್ದೂ ಅಲ್ಲಿಗೇ. 1986ರ ಕಾಯ್ದೆಯೊಂದು ವಿಮಾನದಲ್ಲಿ ಅಂಗವಿಕಲರಿಗೆ ತಾರತಮ್ಯ ಮಾಡಬಾರದೆಂದಿತು. ಮುಂದೆ ಅದರಡಿ ಭಾವನಾತ್ಮಕ ಆಸರೆ ನೀಡುವ ಪ್ರಾಣಿಗೂ ಜಾಗ ಸಿಕ್ಕಿತು. ಮನೋವೈದ್ಯರ ಒಂದು ಪತ್ರವಿದ್ದರೆ ಸಾಕು, ಶುಲ್ಕವಿಲ್ಲದೆ ಪ್ರಾಣಿ ಕ್ಯಾಬಿನ್‌ಗೆ. ಅಂಥ ಪತ್ರವನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿಗಳು ಹುಟ್ಟಿಕೊಂಡವು. ಅಲ್ಲಿನ ವಿಮಾನ ಸಂಸ್ಥೆಗಳ ಸಂಘದ ಅಂದಾಜಿನಂತೆ 2016ರಲ್ಲಿ 4,81,000 ಇದ್ದ ಇಂಥ ಪ್ರಾಣಿಗಳು ಒಂದೇ ವರ್ಷದಲ್ಲಿ 7,51,000ಕ್ಕೆ ಏರಿದವು. ಹಂದಿ, ಬಾತುಕೋಳಿ ಎಲ್ಲವೂ ವಿಮಾನ ಹತ್ತಿದವು. 2018ರ ಜನವರಿಯಲ್ಲಿ ನ್ಯೂಆರ್ಕ್ ನಿಲ್ದಾಣಕ್ಕೆ ಡೆಕ್ಸ್‌ಟರ್ ಎಂಬ ನವಿಲು ಬಂತು. ಅದಕ್ಕೊಂದು ಪ್ರತ್ಯೇಕ ಸೀಟು ಕೊಂಡಿದ್ದೇನೆ ಎಂದರು ಒಡತಿ. ಯುನೈಟೆಡ್ ಸಂಸ್ಥೆ ಹತ್ತಿಸಲಿಲ್ಲ, ನವಿಲಿನ ಚಿತ್ರ ಲೋಕವೆಲ್ಲ ಸುತ್ತಿತು.

ನಗು ಬರಿಸುವ ಈ ಕತೆಯ ಪೆಟ್ಟು ಬಿದ್ದದ್ದು ನಿಜವಾಗಿ ಕಣ್ಣು ಕಾಣದವರ ಮೇಲೆ. ತರಬೇತಿಯಿಲ್ಲದ ನಾಯಿಗಳು ಬೊಗಳಿ, ಕಚ್ಚಿ ರಗಳೆ ಮಾಡಿದವು. ಮಾರ್ಗದರ್ಶಿ ನಾಯಿಗಳ ಮೇಲೇ ಎರಗಿದ್ದೂ ಉಂಟು. ಸಿಬ್ಬಂದಿ ಪ್ರತಿಯೊಂದು ನಾಯಿಯನ್ನೂ ಗುಮಾನಿಯಿಂದ ನೋಡತೊಡಗಿದರು. ಕಡೆಗೆ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಾರಿಗೆ ಇಲಾಖೆ ಹೊಸ ನಿಯಮ ಪ್ರಕಟಿಸಿತು, 2021ರ ಜನವರಿ 11ರಿಂದ ಅದು ಜಾರಿಗೆ ಬಂತು. ಅದರಂತೆ ಸಹಾಯಕ ಪ್ರಾಣಿ ಎಂದರೆ ನಾಯಿ ಮಾತ್ರ, ಅದೂ ಅಂಗವಿಕಲ ವ್ಯಕ್ತಿಗಾಗಿ ನಿರ್ದಿಷ್ಟ ಕೆಲಸಕ್ಕೆ ಪಳಗಿದ ನಾಯಿ. ಕಾಣುವ ಅಂಗವೈಕಲ್ಯವೇ ಆಗಬೇಕಿಲ್ಲ, ಮಾನಸಿಕ ಕಾಯಿಲೆಗೆ ನೆರವಾಗಲು ತರಬೇತಾದ ನಾಯಿಗೂ ಅದೇ ಹಕ್ಕು. ತಳಿ ನೋಡಿ ನಿರಾಕರಿಸುವಂತಿಲ್ಲ. ಒಬ್ಬರಿಗೆ ಹೆಚ್ಚೆಂದರೆ ಎರಡು ನಾಯಿ. ಹಗ್ಗ ಅಥವಾ ಹಾರ್ನೆಸ್ ಇರಲೇಬೇಕು, ಮಾಲೀಕರ ಕಾಲಿಡುವ ಜಾಗದೊಳಗೇ ಹಿಡಿಸಬೇಕು. ನಾಯಿಯ ಆರೋಗ್ಯ, ತರಬೇತಿ, ನಡವಳಿಕೆ ಕುರಿತ ನಮೂನೆಯನ್ನು ಸಂಸ್ಥೆ 48 ಗಂಟೆ ಮುಂಚೆ ಕೇಳಬಹುದು. ಎಂಟು ಗಂಟೆ ಮೀರಿದ ಹಾರಾಟವಾದರೆ ಇನ್ನೊಂದು ನಮೂನೆ: ನಾಯಿ ಅಷ್ಟು ಹೊತ್ತು ಮಲಮೂತ್ರ ತಡೆದುಕೊಳ್ಳುತ್ತದೆ, ಇಲ್ಲವೇ ಗಲೀಜಾಗದಂತೆ ಮುಗಿಸಿಕೊಳ್ಳುತ್ತದೆ ಎಂದು ಬರೆದುಕೊಡಬೇಕು. ಸುಳ್ಳು ಬರೆದರೆ ಅಪರಾಧ ಎಂಬ ಎಚ್ಚರಿಕೆ ನಮೂನೆಯಲ್ಲೇ ಇದೆ. ಅಮೆರಿಕಕ್ಕೆ ಹಾರುವ ಪರದೇಶಿ ಸಂಸ್ಥೆಗಳಿಗೂ ಈ ನಿಯಮ ಅನ್ವಯಿಸುತ್ತದೆ. ಭಾವನಾತ್ಮಕ ಆಸರೆಯ ಪ್ರಾಣಿಗಳು ಮತ್ತೆ ಮಾಮೂಲಿ ಸಾಕುಪ್ರಾಣಿಗಳ ಲೆಕ್ಕಕ್ಕೆ, ಅಂದರೆ ಶುಲ್ಕದ ಲೆಕ್ಕಕ್ಕೆ ಮರಳಿದವು.

ನಮ್ಮಲ್ಲೂ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಡಿಜಿಸಿಎ, ಅಂಗವಿಕಲ ಪ್ರಯಾಣಿಕರ ಕುರಿತು ರೂಪಿಸಿದ ನಿಯಮಗಳಲ್ಲಿ ತರಬೇತಾದ ನಾಯಿಗೆ ಜಾಗವಿದೆ. ತೊಡಕಿರುವುದು ಬೇರೆ ಕಡೆ. ನಾಯಿ ತರಬೇತಾದದ್ದು ಎಂದು ಸಾಬೀತು ಮಾಡುವುದು ಹೇಗೆ? ಇಲ್ಲಿ ಮಾರ್ಗದರ್ಶಿ ನಾಯಿಗಳು ತೀರಾ ವಿರಳ. ಹೀಗಾಗಿ ಕೌಂಟರಿನ ಸಿಬ್ಬಂದಿ ಅಂಥ ನಾಯಿಯನ್ನು ತಮ್ಮ ಇಡೀ ಕೆಲಸದ ಅವಧಿಯಲ್ಲೇ ಕಂಡಿರಲಿಕ್ಕಿಲ್ಲ. ತರಬೇತಿ ಸಂಸ್ಥೆಯ ಪತ್ರ, ಅಂಗವೈಕಲ್ಯದ ಯುಡಿಐಡಿ ಕಾರ್ಡು, ವಿಮಾನ ಸಂಸ್ಥೆ ಬರೆದುಕೊಟ್ಟ ಒಪ್ಪಿಗೆಯ ಇ-ಮೇಲ್, ಈ ಮೂರೂ ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ.

ದೇಶದ ಗಡಿ ದಾಟುವ ಪ್ರಶ್ನೆ ಬಂದಾಗ ವಿಮಾನ ಸಂಸ್ಥೆ ಹಿಂದೆ ಸರಿದು ರೇಬಿಸ್ ಮುಂದೆ ಬರುತ್ತದೆ. ಭಾರತದಲ್ಲಿ ಹುಚ್ಚುನಾಯಿ ರೋಗ ಇನ್ನೂ ಇದೆ. ಆದ್ದರಿಂದ ಇಲ್ಲಿಂದ ಹೊರಟ ನಾಯಿಯನ್ನು ಲೋಕವೇ ಅನುಮಾನದಿಂದ ನೋಡುತ್ತದೆ. ಬೆಂಗಳೂರಿನ ಐಟಿ ಕುಟುಂಬಕ್ಕೆ ಜರ್ಮನಿಗೆ ವರ್ಗವಾಯಿತು ಎನ್ನಿ. ನಾಯಿಗೆ ಮೊದಲು 15 ಅಂಕಿಯ ಮೈಕ್ರೋಚಿಪ್. ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಿರುಗುಮುರುಗಾದರೆ, ಅಂದರೆ ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು ಟೈಟರ್ ಪರೀಕ್ಷೆ. ರೋಗನಿರೋಧಕ ಮಟ್ಟ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಇರಲೇಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾದ ಮೇಲಷ್ಟೇ ಯುರೋಪಿನ ಬಾಗಿಲು. ಒಟ್ಟು ಕನಿಷ್ಠ ನಾಲ್ಕು ತಿಂಗಳು. ಕಂಪನಿಯವರು ಆರು ವಾರದಲ್ಲಿ ಬನ್ನಿ ಎಂದರೆ ಮನೆಯವರು ಹೋಗಬಹುದು, ನಾಯಿ ಹೋಗಲಾರದು.

ಬೆಂಗಳೂರಿನಲ್ಲಿ ರೇಬಿಸ್ ಪರಿಣತಿಗೇನೂ ಕೊರತೆಯಿಲ್ಲ. ನಿಮ್ಹಾನ್ಸ್ ಪ್ರಯೋಗಾಲಯ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಇದೆ. ಆದರೆ ಟೈಟರ್ ವರದಿ ನಡೆಯಬೇಕಾದರೆ ನೀವು ಹೋಗುವ ದೇಶ ಒಪ್ಪಿದ ಪ್ರಯೋಗಾಲಯಗಳ ಪಟ್ಟಿಯಲ್ಲಿ ಹೆಸರಿರಬೇಕು. ರಕ್ತ ಕೊಡುವ ಮೊದಲೇ ಆ ಪಟ್ಟಿ ನೋಡಿ. ಹೊರಡುವ ಮುನ್ನ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಸೇವೆಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಬೆಂಗಳೂರಿನವರಿಗೆ ಅದರ ಕೇಂದ್ರ ಹೆಸರಘಟ್ಟದಲ್ಲಿದೆ.

ಬ್ರಿಟನ್ನಿಗೂ ಇದೇ ಕಾಯುವಿಕೆ. ಜೊತೆಗೆ ಎರಡು ಮಾತು ಹೆಚ್ಚು. ಅಲ್ಲಿಗೆ ವಿಮಾನದಲ್ಲಿ ಬರುವ ನಾಯಿ, ಬೆಕ್ಕು ಸರಕಾಗಿಯೇ ಇಳಿಯಬೇಕು, ಕ್ಯಾಬಿನ್ ಇಲ್ಲ. ಸಹಾಯಕ ನಾಯಿಗೆ ಮಾತ್ರ ವಿನಾಯಿತಿ. ನಾಯಿಗೆ ಲಾಡಿಹುಳದ ಔಷಧವನ್ನು ತಲುಪುವುದಕ್ಕೆ 24ರಿಂದ 120 ಗಂಟೆ ಮುಂಚೆ ಕೊಡಿಸಿ ಬರೆಸಿಕೊಂಡಿರಬೇಕು. ದುಬೈಗೆ ಹೋಗುವ ಮಂಗಳೂರು, ಭಟ್ಕಳದ ಕಡೆಯವರಿಗೂ ನಾಯಿಯ ವಿಷಯದಲ್ಲಿ ಸರಕಿನ ದಾರಿಯೇ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರ ಆಗಸ್ಟ್ 1ರಿಂದ ಹೊಸ ನಿಯಮ ತಂದಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ ಇರಬೇಕು. ಭಾರತದಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿಗೆ ಅಧಿಕೃತ ಲಸಿಕೆ ಪ್ರಮಾಣಪತ್ರ, ಟೈಟರ್ ವರದಿ, ಮತ್ತು ನೋಂದಾಯಿತ ಆರೈಕೆ ಕೇಂದ್ರದಲ್ಲಿ ಮುಂಗಡ ಕಾಯ್ದಿರಿಸುವಿಕೆ ಬೇಕು. ಟೈಟರ್ ಇಲ್ಲದಿದ್ದರೆ ಅಲ್ಲೇ 28 ದಿನ ಕ್ವಾರಂಟೈನ್, ಖರ್ಚು ನಿಮ್ಮದೇ. ಅಂಥ ಕೇಂದ್ರವಿರುವ ನಿಲ್ದಾಣದಲ್ಲೇ ಇಳಿಯಬೇಕು. ನಿಯಮ ಜಾರಿಯಾದಾಗ ಪಟ್ಟಿಯಲ್ಲಿ ನ್ಯೂಯಾರ್ಕ್, ಲಾಸ್ ಏಂಜಲೀಸ್, ಅಟ್ಲಾಂಟಾ, ಮಯಾಮಿ, ವಾಷಿಂಗ್ಟನ್, ಫಿಲಡೆಲ್ಫಿಯಾ ಇದ್ದವು. ನಮ್ಮ ಕನ್ನಡಿಗರು ಗುಂಪುಗುಂಪಾಗಿ ಇಳಿಯುವ ಸ್ಯಾನ್ ಫ್ರಾನ್ಸಿಸ್ಕೊ ಅದರಲ್ಲಿರಲಿಲ್ಲ! ಅಲ್ಲಿಂದ ರಜೆಗೆ ನಾಯಿಯನ್ನೂ ಕರೆತರುವವರು ಹೊರಡುವ ಮೊದಲೇ ಅಮೆರಿಕದಲ್ಲಿ ಹಾಕಿಸಿದ ಲಸಿಕೆಯ ಪ್ರಮಾಣಪತ್ರಕ್ಕೆ ಅಲ್ಲಿನ ಕೃಷಿ ಇಲಾಖೆಯ ಮೊಹರು ಮಾಡಿಸಿಕೊಂಡರೆ ಮರಳುವಾಗ ಈ ಪಾಡಿಲ್ಲ. ಮರೆತು ಬಂದರೆ ಇಲ್ಲಿಂದ ಅದನ್ನು ಮಾಡಿಸಲಾಗದು. ಬೆಕ್ಕಿಗೆ ರೋಗ ನಿಯಂತ್ರಣ ಕೇಂದ್ರ ರೇಬಿಸ್ ದಾಖಲೆ ಕೇಳುವುದೇ ಇಲ್ಲ.

ಆಸ್ಟ್ರೇಲಿಯಾ ಇನ್ನೂ ಬಿಗಿ. 2015ರಲ್ಲಿ ನಟ ಜಾನಿ ಡೆಪ್ ದಂಪತಿ ತಮ್ಮ ಎರಡು ಯಾರ್ಕ್‌ಷೈರ್ ಟೆರಿಯರ್‌ಗಳನ್ನು ಖಾಸಗಿ ವಿಮಾನದಲ್ಲಿ ಘೋಷಿಸದೆ ಕರೆತಂದಾಗ, ನಾಯಿಗಳನ್ನು ವಾಪಸ್ ಕಳಿಸಿ ಇಲ್ಲವೇ ಕೊಲ್ಲುತ್ತೇವೆ ಎಂದು ಅಲ್ಲಿನ ಸಚಿವರು ಗಡುವು ಕೊಟ್ಟರು. ಮರುವರ್ಷ ಡೆಪ್ ಪತ್ನಿ ಆಂಬರ್ ಹರ್ಡ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ತಾರೆಯರಿಗೇ ಹೀಗಾದ ಮೇಲೆ ಉಳಿದವರ ಮಾತೇನು?

ಮರಳಿ ಭಾರತಕ್ಕೆ ಪ್ರಾಣಿ ತರುವವರಿಗೂ ಷರತ್ತುಗಳಿವೆ. ಪರದೇಶದ ವಾಸ ಮುಗಿಸಿ ಊರಿಗೆ ಮರಳುವವರು ಎರಡು ಸಾಕುಪ್ರಾಣಿಗಳನ್ನು ತರಬಹುದು. ಮಾರಾಟಕ್ಕೆ, ಮರಿ ಹಾಕಿಸಲಿಕ್ಕೆ ನಾಯಿ ತರುವುದನ್ನು 2016ರಲ್ಲೇ ನಿಲ್ಲಿಸಲಾಗಿದೆ. ಕ್ವಾರಂಟೈನ್ ಸೇವೆಯ ನಿರಾಕ್ಷೇಪಣಾ ಪತ್ರವನ್ನು ವಿಮಾನ ಹತ್ತುವ ಮೊದಲೇ ಪಡೆದಿರಬೇಕು, ಆ ಸೇವೆಯ ಕೇಂದ್ರವಿರುವ ನಗರದಲ್ಲೇ ಇಳಿಯಬೇಕು, ಬೆಂಗಳೂರು ಅವುಗಳಲ್ಲೊಂದು.

ಇಷ್ಟು ಓದಿದ ಮೇಲೆ ಎರಡು ವಾರದ ಪ್ರವಾಸಕ್ಕೆ ನಾಯಿಯನ್ನು ಕರೆದೊಯ್ಯುವುದು ಸರಿಯೇ ಎಂಬ ಅನುಮಾನ ಬಂದರೆ ಒಳ್ಳೆಯದೇ. ಪರಿಚಯದ ಮನೆಯಲ್ಲಿ ಬಿಟ್ಟು ಹೋಗುವುದು ಬಹಳ ಸಲ ನಾಯಿಗೇ ಸುಖ. ಶಾಶ್ವತವಾಗಿ ಊರು ಬದಲಿಸುವವರು ಮಾತ್ರ ಮೊದಲು ತಲುಪುವ ದೇಶದ ನಿಯಮ, ಆಮೇಲೆ ನಾಯಿಯ ತಳಿ ಮತ್ತು ಕ್ರೇಟಿನ ಅಳತೆ, ಅದಾದ ಮೇಲೆ ವಿಮಾನ, ಎಲ್ಲಕ್ಕಿಂತ ಕೊನೆಗೆ ನಮ್ಮ ಟಿಕೆಟ್ ಎಂಬ ಕ್ರಮದಲ್ಲಿ ಹೋದರೆ ಕೌಂಟರಿನಲ್ಲಿ ಕಣ್ಣೀರು ಹಾಕುವುದು ತಪ್ಪುತ್ತದೆ.

ಪ್ರಯಾಣಿಕರು ಮಾಡಬೇಕಾದ್ದು ಇಷ್ಟಾದರೆ ಸರ್ಕಾರ ಮಾಡಬೇಕಾದ್ದೂ ಒಂದಿದೆ. 2005ರಿಂದ ಅಮೆರಿಕದ ವಿಮಾನ ಸಂಸ್ಥೆಗಳು ಸಾಗಣೆಯಲ್ಲಿ ಸತ್ತ, ಗಾಯಗೊಂಡ, ಕಳೆದುಹೋದ ಸಾಕುಪ್ರಾಣಿಗಳ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುತ್ತ ಬಂದಿವೆ, ಸರ್ಕಾರ ಅದನ್ನು ಜನರ ಮುಂದಿಡುತ್ತದೆ. ಬುಲ್‌ಡಾಗ್, ಪಗ್‌ಗಳ ಸಾವು ಕಣ್ಣಿಗೆ ಬಿದ್ದದ್ದೂ ನಿಯಮ ಬದಲಾದದ್ದೂ ಆ ಲೆಕ್ಕದ ದೆಸೆಯಿಂದಲೇ. ಡಿಜಿಸಿಎ ಪ್ರತಿ ತಿಂಗಳು ಎಷ್ಟು ವಿಮಾನ ತಡವಾದವು, ಎಷ್ಟು ದೂರು ಬಂದವು ಎಂದು ಪ್ರಕಟಿಸುತ್ತದೆ. ಆ ಪಟ್ಟಿಗೆ ಪ್ರಾಣಿಗಳ ಒಂದು ಸಾಲು ಸೇರಿಸಲಿ. ಒಪ್ಪಂದದ ಭಾಷೆಯಲ್ಲಿ ನಾಯಿ ಲಗೇಜಾಗಿಯೇ ಉಳಿದರೂ, ಯಾವ ಸಂಸ್ಥೆಯ ಕೈಗೆ ಅದನ್ನು ಒಪ್ಪಿಸಬಹುದು, ಯಾರ ಕೈಗೆ ಒಪ್ಪಿಸಬಾರದು ಎಂಬುದಾದರೂ ನಮಗೆ ತಿಳಿಯುತ್ತದೆ.